ಪರದೇಶಕ್ಕೆ ಕಟ್ಟಿದ ಬುತ್ತಿ

ನನ್ನ ತಲೆಯಲ್ಲಿ ಏನೋ ಇದೆ ಎಂದು ಗೋಕಾಕದ ಡಾಕ್ಟರು ಹೇಳಿದಾಗ ಹೆಂಡತಿಗೆ ಗಾಬರಿಗಿಂತ ಮೊದಲು ಆಶ್ಚರ್ಯವಾಯಿತು. ಅಲ್ಲಿ ಏನಾದರೂ ಇರಬಹುದೆಂಬ ಗುಮಾನಿ ಆಕೆಗೆ ಇಷ್ಟು ವರ್ಷದ ಸಂಸಾರದಲ್ಲಿ ಬಂದೇ ಇರಲಿಲ್ಲ.

ಎಡಗೈಗೆ ಜೋಮು ಹಿಡಿದು ಚಹಾದ ಬಸಿ ಮೇಲಿಂದ ಮೇಲೆ ಕೈಜಾರುತ್ತಿತ್ತು, ಅದಕ್ಕೇ ಸ್ಕ್ಯಾನ್. ಬಲಗಡೆ, ಮೆದುಳಿನ ಹೊದಿಕೆಗೆ ಅಂಟಿಕೊಂಡು, ನಿಂಬೆಕಾಯಿಯಂಥ ಗಡ್ಡೆ. ಅದು ಎಂಥದು, ತೆಗೆದರೆ ನಾನು ಉಳಿಯುತ್ತೇನೋ ಇಲ್ಲವೋ, ಯಾರೂ ಬಾಯಿಬಿಟ್ಟು ಕೇಳಲಿಲ್ಲ. ಹುಕ್ಕೇರಿಗೆ ಕೊಟ್ಟ ಮಗಳು ಮಾತ್ರ, "ಅಪ್ಪಾ, ಜರ್ಮನಿಗೇ ಹೋಗೂಣು," ಎಂದು ಫೋನಿನಲ್ಲಿ ತೀರ್ಪು ಕೊಟ್ಟು, ಇಂಟರ್ನೆಟ್ಟಿನಲ್ಲಿ ಹುಡುಕಿ ಅಲ್ಲಿಯ ತಜ್ಞರೊಬ್ಬರಿಗೆ ಸ್ಕ್ಯಾನ್ ಕಳಿಸಿದಳು.

ಅವರ ಉತ್ತರಕ್ಕಿಂತ ಮೊದಲು ಮಸಗುಪ್ಪಿಯಿಂದ ಸೋದರಮಾವ ಬಂದರು. ಜೀವಮಾನವಿಡೀ ಕುರಿ ಕಾದವರು. ದೂರ ಹೋಗುವವರನ್ನು ಬುತ್ತಿಯಿಲ್ಲದೆ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ. ತಿಂಗಳಾದರೂ ಕೆಡದ ಕಟಕ ರೊಟ್ಟಿ, ಶೇಂಗಾ ಚಟ್ನಿಯ ಗಂಟನ್ನು ಹೊತ್ತು ಮೂಡಲಗಿಯಲ್ಲಿ ಬಸ್ಸು ಹಿಡಿದಿದ್ದರು.

"ಜರ್ಮನಿ ಎಷ್ಟ್ ದಿನದ ದಾರಿ?"

"ವಿಮಾನದಾಗ ಒಂದ ದಿನ ಅಂತ್ರಿ, ಮಾವಾ."

"ಬರೂದೂ ಐತೆಲ್ಲ," ಎಂದು ಗಂಟನ್ನು ದೇವರ ಕೋಣೆಯಲ್ಲಿಟ್ಟರು. ಆಮೇಲೆ ತಪಾಸಣೆ. "ಅಳಿಯಾ, ಅಂಗಳದಾಗ ನಡಿ ನೋಡೂಣು. ತಲ್ಯಾಗ ಗಡ್ಡಿ ಆದ ಕುರಿ, ಗಡ್ಡಿ ಇದ್ದ ಬಾಜೂನ ಸುತ್ತತೈತಿ."

"ನಾ ಕುರಿ ಅಲ್ರಿ."

"ಕುರಿ ಆಗಿದ್ರ ಇಷ್ಟ್ ಮಾತಾಡ್ತಿದ್ದಿಲ್ಲ. ನಡಿ."

ನಡೆದೆ. ನಟ್ಟನಡುವೆ ಎಮ್ಮೆ ಮಲಗಿತ್ತು. ಅದನ್ನು ತಪ್ಪಿಸಲು ಎಡಕ್ಕೆ ಸರಿದೆ.

"ಎಡಕ್ಕೈತಿ!" ಎಂದು ಮಾವ ಘೋಷಿಸಿದರು.

ಸ್ಕ್ಯಾನಿನ ಫಿಲ್ಮು ತಂದು, ಗಡ್ಡೆ ಬಲಕ್ಕಿದೆ ಎಂದು ತೋರಿಸಿದೆ. ಅವರು ಅದನ್ನು ಇಸಿದುಕೊಂಡು, ಗಂಭೀರವಾಗಿ ಹಿಂಬದಿ ಮುಂದಾಗುವಂತೆ ತಿರುಗಿಸಿ ಹಿಡಿದರು. "ಈಗ?"

ಮರುದಿನ ಮಗಳು ಮನೆಗೆ ಬಂದು ಫೋನನ್ನು ಚೆಂಬಿಗೆ ಆನಿಸಿಟ್ಟಳು. ಜರ್ಮನಿಯ ತಜ್ಞರು ಪರದೆಯಲ್ಲಿ ಮೂಡಿ ನಿಧಾನವಾಗಿ ಮಾತಾಡಿದರು. ಮಗಳು ಕನ್ನಡಕ್ಕೆ ತಂದಳು: "ಕ್ಯಾನ್ಸರ್ ಇದ್ದಂಗ ಕಾಣಂಗಿಲ್ಲಂತ. ಸಾವಕಾಶ ಬೆಳಿಯೂ ಗಡ್ಡಿ. ತೆಗೀಬೇಕು ಖರೆ, ಆದ್ರ ಇದನ್ನ ಬೆಳಗಾವ್ಯಾಗೂ ಚೊಲೊ ಮಾಡ್ತಾರ, ಇಷ್ಟ್ ದೂರ ಯಾಕ ಬರ್ತೀರಿ ಅಂತಾರ."

ಹೆಂಡತಿ ಸೆರಗಿನಿಂದ ಕಣ್ಣೊರೆಸುತ್ತಲೇ ನಗತೊಡಗಿದಳು. ಮಾವ ಮಾತ್ರ ದೇವರ ಕೋಣೆಯತ್ತ ನೋಡಿದರು.

"ಬುತ್ತಿ?"

"ಮನ್ಯಾಗ ಉಣ್ಣೂಣ್ರಿ," ಎಂದಳು ಹೆಂಡತಿ.

"ಪ್ರಯಾಣಕ್ಕ ಕಟ್ಟಿದ್ದನ್ನ ಮನ್ಯಾಗ ಬಿಚ್ಚತಾರೇನವಾ?"

ಹೀಗಾಗಿ ಜರ್ಮನಿಯ ಬುತ್ತಿ ಬೆಳಗಾವಿಗೆ ಹೋಯಿತು. ನನ್ನ ತಲೆ ಬಿಚ್ಚಿ ಮುಚ್ಚುವಷ್ಟರಲ್ಲಿ ಹೊರಗೆ ಅರ್ಧ ಗಂಟು ಖಾಲಿಯಾಗಿತ್ತಂತೆ. ಕಾಯುತ್ತಿದ್ದ ಅಪರಿಚಿತರೆಲ್ಲ ಚಟ್ನಿಗೆ ಕೈಯೊಡ್ಡಿದ್ದರು. ತೆಗೆದ ಗಡ್ಡೆಯನ್ನು ಪರೀಕ್ಷಿಸಿ, ಕ್ಯಾನ್ಸರ್ ಅಲ್ಲವೆಂದು ಡಾಕ್ಟರು ಖಾತ್ರಿಪಡಿಸಿದರು.

ನಾನು ಮನೆಗೆ ಬಂದು, ಕೈಗೆ ಕಸುವು ಕೂಡಿದ ಮೇಲೆ ಮಾವ ಮತ್ತೆ ಬಂದರು. ಈ ಸಲ ಮೊದಲು ಎಮ್ಮೆಯನ್ನು ಎಬ್ಬಿಸಿ ಆಚೆ ಕಟ್ಟಿದರು. ನಾನು ಎಡಗೈಯಲ್ಲಿ ಚಹಾದ ಬಸಿ ಹಿಡಿದು ಅಂಗಳವನ್ನು ನೆಟ್ಟಗೆ ದಾಟಿದೆ. ಒಂದು ಹನಿಯೂ ಚೆಲ್ಲಲಿಲ್ಲ.

ಮಾವ ಬಸಿಯನ್ನು ಇಸಿದುಕೊಂಡು ಚಹಾ ತಾವೇ ಕುಡಿದರು.

"ಬಲಕ್ಕ ಇತ್ತು," ಎಂದರು, ಮೊದಲಿನಿಂದಲೂ ತಾವು ಹೇಳುತ್ತಿದ್ದುದು ಅದನ್ನೇ ಎಂಬಂತೆ.