ಸುಣ್ಣದ ಗೆರೆಯವರೆಗಿನ ಹಾಳೆ

ಬೆಟಗೇರಿಯ ನಮ್ಮ ಮನೆಯನ್ನು ಅಪ್ಪ ಮತ್ತು ಕಾಕಾ ಪಾಲು ಮಾಡಿಕೊಂಡದ್ದು ಒಂದು ಕಿಟಕಿಯ ಸಲುವಾಗಿ. ಹೊಲ ಇರಲಿಲ್ಲ, ಬಂಗಾರ ಇರಲಿಲ್ಲ. ಇದ್ದದ್ದು ಹಳೆಯ ಹಂಚಿನ ಮನೆ, ನೆಲದಲ್ಲಿ ಕುಣಿ ತೋಡಿ ಕೂರಿಸಿದ ಎರಡು ಕೈಮಗ್ಗ, ಮತ್ತು ಮಗ್ಗದ ಮೇಲೆ ನೇರ ಬೆಳಕು ಚೆಲ್ಲುವ ಒಂದೇ ಒಂದು ಕಿಟಕಿ. ನೇಕಾರನಿಗೆ ಬೆಳಕೆಂದರೆ ಅನ್ನ, ಅದನ್ನು ನಾನೂ ಒಪ್ಪುತ್ತೇನೆ. ಆದರೆ ಗೋಡೆಯಲ್ಲಿ ಇನ್ನೊಂದು ಕಿಟಕಿ ಒಡೆಯುವ ಬದಲು ಮನೆಯನ್ನೇ ಒಡೆದವರ ಬುದ್ಧಿಗೆ ಏನೆನ್ನಬೇಕೋ ನನಗೆ ಇವತ್ತಿಗೂ ತಿಳಿದಿಲ್ಲ.

ಓಣಿಯ ಹಿರಿಯರು ಬಂದು ಕೂತರು. ಚಹಾ ಕುಡಿದರು. ಮಾಡಿನ ನಡುತೊಲೆಯ ಮೇಲೆ ಸುಣ್ಣದಿಂದ ಒಂದು ಗೆರೆ ಎಳೆಸಿ, ಈಚೆಗೆ ದೊಡ್ಡವನದು, ಆಚೆಗೆ ಸಣ್ಣವನದು ಎಂದರು. ಕಿಟಕಿ ಕಾಕಾನ ಪಾಲಿಗೆ ಹೋಯಿತು. ಗೆರೆಯ ಕೆಳಗೆ ಸುಡದ ಮಣ್ಣಿನ ಇಟ್ಟಂಗಿಯ ಗೋಡೆ ಎದ್ದಿತು, ನೆಲದಿಂದ ಹಂಚಿನವರೆಗೆ. ಗೆರೆ ದಾಟಿ ಒಬ್ಬರ ಹಂಚನ್ನು ಇನ್ನೊಬ್ಬರು ಮುಟ್ಟುವುದಿಲ್ಲ ಎಂದು ಅಣ್ಣತಮ್ಮ ಇಬ್ಬರೂ ತಮ್ಮ ತಮ್ಮ ಮಗ್ಗ ಮುಟ್ಟಿ ಆಣೆ ಮಾಡಿದರು. ನಮ್ಮಲ್ಲಿ ದೇವರ ಮೇಲಿನ ಆಣೆಯನ್ನಾದರೂ ತಪ್ಪಿಯಾರು, ಮಗ್ಗದ ಮೇಲಿನ ಆಣೆ ತಪ್ಪುವುದಿಲ್ಲ. ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು ಎಂಬ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಆಡಿ ತೋರಿಸಬೇಕಾಗಿರಲಿಲ್ಲ.

ಕಾಕಾ ಆ ಕಿಟಕಿಯ ಬೆಳಕಿನಲ್ಲಿ ಬಹಳ ದಿನ ನೇಯಲಿಲ್ಲ. ಜ್ವರ ಬಂದು ಹೋಗಿಬಿಟ್ಟ. ಅವನ ಮಗಳು ಲಕ್ಷ್ಮೇಶ್ವರಕ್ಕೆ ಕೊಟ್ಟ ಹೆಣ್ಣು, ಹದಿನೈದು ದಿನ ಇದ್ದು ಗಂಡನ ಮನೆಗೆ ಹೊರಟಳು. ಆಚೆ ಉಳಿದವಳು ಕಾಕಾನ ಹೆಂಡತಿ ಚಿಗವ್ವ ಒಬ್ಬಳೇ. ಅವ್ವ ನೆಗೆಣ್ಣಿಯನ್ನು ತಬ್ಬಿಕೊಂಡು ಅತ್ತದ್ದು ಖರೆ, ಆದರೆ ದಿನಕರ್ಮ ಮುಗಿದ ಮೇಲೆ ಇಬ್ಬರ ಬಾಯಿಗೂ ಮತ್ತೆ ಬೀಗ ಬಿತ್ತು. ಅಪ್ಪನೊಂದಿಗಂತೂ ಚಿಗವ್ವ ಮೊದಲಿನಿಂದಲೂ ಮಾತಾಡಿದವಳಲ್ಲ. ಗಂಡನ ಅಣ್ಣ ಎದುರು ಬಂದರೆ ಸೆರಗು ಮುಖದ ಮೇಲೆ ಎಳೆದುಕೊಂಡು ಬದಿಗೆ ಸರಿಯುವ ಪದ್ಧತಿ ಅವಳದು. ಆಕೆ ಬದುಕಿದ್ದಾಳೆ ಎಂಬುದು ನಮಗೆ ಗೊತ್ತಾಗುತ್ತಿದ್ದದ್ದು ಗೋಡೆಯಾಚೆಯ ಮಗ್ಗದ ಸದ್ದಿನಿಂದ.

ನನ್ನನ್ನು ಮುಂಡರಗಿಗೆ ಕೊಟ್ಟಿದ್ದರು. ಚೊಚ್ಚಲ ಹೆರಿಗೆಗೆ ತವರಿಗೆ ಬಂದಾಗ ಗದಗ ಹೊಸದಾಗಿ ಜಿಲ್ಲೆಯಾಗಿತ್ತು. ಅಪ್ಪನ ಬಾಯಲ್ಲಿ ಅದೇ ಮಾತು. "ಜಿಲ್ಲಾ ಆತು ನೋಡವಾ, ಇನ್ನ ಎಲ್ಲಾ ಸುಧಾರಸ್ತೈತಿ," ಎನ್ನುತ್ತಿದ್ದ. ಅವನ ತಲೆಯ ಮೇಲಿಂದ ನೀರು ಟಪಟಪ ಬೀಳುತ್ತಿತ್ತು. ತಪ್ಪೇಲಿ, ಪರಾತ, ಚರಗಿ, ಮನೆಯ ಪಾತ್ರೆಯೆಲ್ಲ ಸೋರುವ ಜಾಗಕ್ಕೆ ಹಂಚಿಹೋಗಿ ಅವ್ವ ಒಂದೇ ಗಡಿಗೆಯಲ್ಲಿ ಅಡಿಗೆ ಮಾಡುತ್ತಿದ್ದಳು.

"ಊರು ಜಿಲ್ಲಾ ಆದ್ರೂ ನಮ್ಮ ಹಂಚು ಇನ್ನೂ ತಾಲೂಕನ್ಯಾಗ ಅದಾವಲ್ಲಪ್ಪಾ," ಎಂದೆ.

ಅಪ್ಪ ತಲೆ ಒರೆಸಿಕೊಂಡು ಎದ್ದ. ಒಳಕೋಣೆಗೆ ಹೋಗಿ ಮೇಲೆ ನೋಡುತ್ತ ನಿಂತ. ಬಾಣಂತಿಯ ಮಂಚ ಹಾಕಲು ಇದ್ದ ಕೋಣೆ ಅದೊಂದೇ. ಮಂಚ ಎತ್ತ ಸರಿಸಿದರೂ ಹನಿ ತಪ್ಪುತ್ತಿರಲಿಲ್ಲ. ಅವ್ವನ ಮೊದಲ ಕೂಸು, ನನಗಿಂತ ಮುಂಚಿನದು, ಇದೇ ಕೋಣೆಯ ಥಂಡಿಯಲ್ಲಿ ಎದೆ ಕಟ್ಟಿಕೊಂಡು ಹೋಗಿತ್ತು. ಆ ಮಾತನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ, ಮಳೆ ಬಂದಾಗ ಮಾತ್ರ ಅವ್ವನ ಮುಖದಲ್ಲಿ ಅದು ಕಾಣುತ್ತಿತ್ತು. ಬೇರೆ ಏನಾದರೂ ಇರಲಿ, ಹುಟ್ಟುವ ಕೂಸಿನ ಮೇಲೆ ನೀರು ಬೀಳಬಾರದು ಎಂಬುದೊಂದೇ ಆಗ ನಮ್ಮ ಮನೆಯ ಚಿಂತೆ.

ಗದುಗಿನಲ್ಲಿ ಯಾರದೋ ಮನೆಗೆ ಹಂಚಿನ ಕೆಳಗೆ ಕರೀ ಹಾಳೆ ಹಾಕಿದ್ದನ್ನು ಅಪ್ಪ ನೋಡಿ ಬಂದಿದ್ದ. ದಪ್ಪನೆಯ, ನೀರು ಹಿಡಿಯದ ಹಾಳೆ. ಹಂಚು ಇಳಿಸಿ, ಕಟ್ಟಿಗೆಯ ರೀಪುಗಳ ಮೇಲೆ ಅದನ್ನು ಹಾಸಿ, ಮತ್ತೆ ಹಂಚು ಹೊದಿಸಬೇಕು. ಹಂಚು ಒಡೆದು ನೀರು ಒಳಗೆ ಬಂದರೂ ಹಾಳೆಯ ಮೇಲೇ ಜಾರಿ ಹೊರಗೆ ಹೋಗುತ್ತದೆ ಎಂಬುದು ಅದರ ಯುಕ್ತಿ. ಹಾಳೆ ತಂದದ್ದಾಯಿತು. ಹಂಚು ಹೊದಿಸಲು ಶಿರಹಟ್ಟಿಯಿಂದ ಒಬ್ಬ ಸಾಬರು ಬಂದರು, ವಯಸ್ಸಾದವರು, ಕೆಲಸದ ನಡುವೆ ತಮಾಷೆ ಮಾಡುವವರು. ಹಾಸುತ್ತ ಹಾಸುತ್ತ ಗೋಡೆಯ ಹತ್ತಿರ ಬಂದಾಗ ಹಾಳೆ ಇನ್ನೂ ಒಂದಷ್ಟು ಉಳಿದಿತ್ತು.

"ಯಜಮಾನ್ರ, ಹಾಳಿ ಉಳದೈತ್ರಿ. ಗ್ವಾಡಿ ದಾಟಿಸಿ ಆ ಕಡಿನೂ ಒಂದ ಮೊಳ ಬಿಡ್ಲೇನ್ರಿ?" ಎಂದು ಅವರು ಮೇಲಿಂದ ಕೂಗಿದರು.

"ಬ್ಯಾಡ್ರಿ. ಸುಣ್ಣದ ಗೆರಿ ಐತಲ್ಲ, ಅಲ್ಲಿಗೆ ಸರಿಯಾಗಿ ಕೊಯ್ರಿ. ಒಂದ ಬಟ್ಟು ಆ ಕಡಿ ಹೋಗಬಾರದು. ಅದು ನಮ್ಮ ಹಂಚಲ್ಲ."

"ಅದೂ ಛಲೋನ ಆತ ಬಿಡ್ರಿ. ಪಾಲಿನ ಮನ್ಯಾಗ ಕೈ ಹಾಕಿ ಮದ್ಲ ಒಂದ ಸಲ ಬೈಸ್ಕೊಂಡೇನಿ," ಎಂದು ಸಾಬರು ನಕ್ಕು, ಗೆರೆಗೆ ಚಾಕು ಹಿಡಿದು ಹಾಳೆ ಕೊಯ್ದರು.

ಕೆಳಗೆ ನಿಂತ ನೆರೆಯವನೊಬ್ಬ ಅಪ್ಪನನ್ನು ಹೊಗಳಿದ. ತಮ್ಮ ಸತ್ತರೂ ಮಾತಿಗೆ ತಪ್ಪದವ, ನ್ಯಾಯ ಅಂದರೆ ಹೀಗಿರಬೇಕು ಎಂದ. ಅಪ್ಪನಿಗೆ ಅದು ಹಿತವಾಗಿತ್ತು.

ಮುಂದಿನ ಮಳೆಗೆ ನಮ್ಮ ಕೋಣೆಯಲ್ಲಿ ಒಂದು ಹನಿ ಬೀಳಲಿಲ್ಲ. ಅವ್ವ ಪಾತ್ರೆಗಳನ್ನೆಲ್ಲ ತೊಳೆದು ಹಲಗೆಗೆ ಏರಿಸಿದಳು. ಮಳೆ ಜೋರಾದಷ್ಟೂ ಅಪ್ಪ ಒಳಗೆ ಹೋಗಿ ಮೇಲೆ ನೋಡಿ ಬರುತ್ತಿದ್ದ. ನೀರು ಎಲ್ಲಿಗೆ ಹೋಗುತ್ತಿದೆ ಎಂದು ಯಾರೂ ಕೇಳಲಿಲ್ಲ. ಸೋರುವುದು ನಿಂತಿತು, ಅಷ್ಟು ಸಾಕಾಗಿತ್ತು. ಮನೆ ಹಳೆಯದಾಗಿ ಮಾಡು ಆ ನಡುಗೋಡೆಯ ಕಡೆಗೇ ಒಂದಿಷ್ಟು ಕುಸಿದಿತ್ತು. ಹಾಳೆಯ ಮೇಲೆ ಬಿದ್ದ ನೀರು ಸೂರಿಗೆ ಹೋಗುವ ಬದಲು ಅಡ್ಡಕ್ಕೆ ಹರಿದು, ಗೆರೆಗೆ ಕೊಯ್ದ ಅಂಚಿನಿಂದ ಗೋಡೆಯ ನೆತ್ತಿಗೆ ಇಳಿಯುತ್ತಿತ್ತು. ಸುಡದ ಮಣ್ಣಿನ ಗೋಡೆ ಅದನ್ನೆಲ್ಲ ಸದ್ದಿಲ್ಲದೆ ಕುಡಿಯುತ್ತಿತ್ತು. ನಮ್ಮ ಕಡೆಗೆ ಅಪ್ಪ ಸಿಮೆಂಟಿನ ಗಿಲಾವು ಮಾಡಿಸಿದ್ದರಿಂದ ನಮಗೆ ಏನೂ ಕಾಣಲಿಲ್ಲ. ಇದೆಲ್ಲ ನಮಗೆ ತಿಳಿದದ್ದು ಆಮೇಲೆ.

ಮಗಳು ಹುಟ್ಟಿದಳು. ಬೆಚ್ಚನೆಯ ಒಣ ಕೋಣೆ, ಮಂಚದ ಕೆಳಗೆ ಕೆಂಡದ ಬುಟ್ಟಿ, ತಲೆಗೆ ಬಿಗಿದ ಬಟ್ಟೆ. ಒಂದು ಮುಂಜಾನೆ ನಮ್ಮ ಕಟ್ಟೆಯ ಮೇಲೆ ಕೂಸಿನ ತಲೆಗೆ ಹಾಕುವ ಕುಂಚಿಗೆಯೊಂದು ಮಡಿಸಿಟ್ಟಿತ್ತು. ಸೀರೆಯ ಅಂಚಿನ ತುಂಡಿನಿಂದ ಹೊಲಿದದ್ದು. ಆ ದಡಿ ಯಾರ ಕೈಯದು ಎಂದು ಅವ್ವನಿಗೆ ನೋಡಿದ ಕೂಡಲೆ ಗೊತ್ತಾಯಿತು. ಆಕೆ ಅದನ್ನು ತಿರುಗಿ ಕಳಿಸಲಿಲ್ಲ, ಕೂಸಿಗೆ ಹಾಕಲೂ ಇಲ್ಲ, ಟ್ರಂಕಿನಲ್ಲಿಟ್ಟಳು. ಅವ್ವ ಸಂತೆಗೆ ಹೋದಾಗ ನಾನು ತೆಗೆದು ಹಾಕಿ ನೋಡಿದೆ. ಅಳತೆ ಸರಿಯಾಗಿತ್ತು. ನೋಡದ ಕೂಸಿನ ತಲೆಯ ಅಳತೆ ಆಕೆಗೆ ಹೇಗೆ ಸಿಕ್ಕಿತೋ.

ಇನ್ನೊಂದು ಸಂಗತಿ ನಾನು ಮಂಚದ ಮೇಲೆ ಮಲಗಿದಲ್ಲೇ ಗಮನಿಸಿದೆ. ಕೂಸು ಮಲಗಿತೆಂದರೆ ಗೋಡೆಯಾಚೆಯ ಮಗ್ಗ ನಿಲ್ಲುತ್ತಿತ್ತು. ಅದು ಎದ್ದು ಅತ್ತ ಮೇಲೆ ಮತ್ತೆ ಲಾಳಿಯ ಸದ್ದು ಕೇಳುತ್ತಿತ್ತು. ಹೊಟ್ಟೆಪಾಡಿಗೆ ನೇಯುವವಳು, ನನ್ನ ಮಗಳ ನಿದ್ದೆಯ ತಾಳಕ್ಕೆ ನೇಯುತ್ತಿದ್ದಳು. ನನಗೆ ಎದ್ದುಹೋಗಿ ಆಕೆಯ ಬಾಗಿಲು ಬಡಿಯಬೇಕೆನಿಸುತ್ತಿತ್ತು. ಬಾಣಂತಿ ಹೊಸ್ತಿಲು ದಾಟಬಾರದು ಎಂದು ಅವ್ವ ಕಣ್ಣು ಬಿಡುತ್ತಿದ್ದಳು.

ಹಿಂಗಾರಿ ಮಳೆ ಬಿಡದೆ ಹೊಡೆಯಿತು. ಆಮೇಲೆ ಒಮ್ಮೆಗೇ ನಿಂತು ಬಿಸಿಲು ಬಿತ್ತು. ಮಣ್ಣಿನ ಗೋಡೆ ಮಳೆಯಲ್ಲಿ ನಿಲ್ಲುತ್ತದೆ, ಬಿಸಿಲಿಗೆ ಬೀಳುತ್ತದೆ. ಮಧ್ಯಾಹ್ನ ಅವ್ವ ಕೂಸಿಗೆ ಎರೆದು ಸಾಂಬ್ರಾಣಿ ಹಾಕುತ್ತಿದ್ದಳು. ಕೂಸು ಕಿರುಚುತ್ತಿತ್ತು, ಆಚೆಗೆ ಮಗ್ಗ ನಡೆದಿತ್ತು. ಚಕ್ಕಡಿಯಿಂದ ಮೂಟೆ ಇಳಿಸಿದಂಥ ಸದ್ದಾಯಿತು. ದೊಡ್ಡದೇನಲ್ಲ. ಧೂಳು ಇಳಿದಾಗ ನಮ್ಮ ಕೋಣೆಯಲ್ಲಿ ಎಂದೂ ಇಲ್ಲದ ಬೆಳಕು. ಗೋಡೆ ಇರಲಿಲ್ಲ. ಎದುರಿಗೆ ಆ ಕಿಟಕಿ ಕಾಣುತ್ತಿತ್ತು.

ಗೋಡೆ ಪೂರ್ತಿ ಆಚೆಗೇ ಬಿದ್ದಿತ್ತು. ಚಿಗವ್ವನ ಮಗ್ಗ ಇದ್ದದ್ದು ಗೋಡೆಯ ಬುಡಕ್ಕೆ. ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುವವರು ಥಟ್ಟನೆ ಏಳಲಾರರು, ಮುಂದೆ ಮಗ್ಗ, ಹಿಂದೆ ನೆಲ. ಮಣ್ಣಿನ ಗುಡ್ಡೆಯ ಮೇಲೆ ಆಕೆಯ ತಲೆ ಮತ್ತು ಒಂದು ಕೈ ಮಾತ್ರ ಕಂಡವು. ಅವ್ವ ಕೂಸನ್ನು ನನ್ನ ಕೈಗೆ ತುರುಕಿ, ಗುಡ್ಡೆ ಹತ್ತಿ, ಬರಿಗೈಯಲ್ಲಿ ಬಗೆಯತೊಡಗಿದಳು. "ಯವ್ವಾ, ನಮ್ಮವ್ವಾ," ಎನ್ನುತ್ತಿದ್ದಳು. ಅಷ್ಟು ವರ್ಷದ ಮೇಲೆ ಅವ್ವ ಆಕೆಗೆ ಆಡಿದ ಮೊದಲ ಮಾತು ಅದು. ಓಣಿಯ ಗಂಡಸರು ಓಡಿ ಬಂದರು. ಮಣ್ಣು ಮೇಲೆ ಮಾತ್ರ ಒಣಗಿತ್ತು, ಒಳಗೆ ಕಲಸಿಟ್ಟ ಹಿಟ್ಟಿನಂತೆ ಕೈಗೆ ಅಂಟುತ್ತಿತ್ತು. ಆಕೆಯ ಕಡೆಯ ಹೆಂಟೆಗಳ ಮೇಲೆ ಸೆಗಣಿ ಮಣ್ಣು ಸಾರಿಸಿದ ಪದರಗಳಿದ್ದವು, ಒಂದರ ಮೇಲೊಂದು, ಎಲ್ಲವೂ ಹೊಸವು.

ಆಟೋದಲ್ಲಿ ಗದುಗಿನ ಆಸ್ಪತ್ರೆಗೆ ಒಯ್ದರು. ನೇಯ್ದ ಸೀರೆ ಸಾವಕಾರನಿಗೆ ಕೊಟ್ಟು ಬರಲು ಮುಂಜಾನೆ ಹೋಗಿದ್ದ ಅಪ್ಪ ಮರಳಿದಾಗ ಮನೆಯ ತುಂಬ ಜನ. ತಲೆ ಎತ್ತಿ ಮಾಡು ನೋಡಿದ. ಕೊಯ್ದ ಹಾಳೆಯ ಅಂಚು ಗೆರೆಗೆ ಸರಿಯಾಗಿ ನಿಂತಿತ್ತು, ಒಂದು ಬಟ್ಟು ಆಚೆ ಇಲ್ಲ, ಈಚೆ ಇಲ್ಲ. ಅಂಚಿನಿಂದ ಇನ್ನೂ ನೀರು ಜಿನುಗುತ್ತಿತ್ತು. ಅಂದು ಅಪ್ಪನನ್ನು ಹೊಗಳಿದ್ದ ನೆರೆಯವ ಅಲ್ಲೇ ನಿಂತು ಈಗ ಅವನನ್ನೇ ಬಯ್ಯುತ್ತಿದ್ದ. ನನಗೆ ಆ ಮನುಷ್ಯನ ಮೇಲೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಗೆರೆ ಎಳೆಸಿದ ಹಿರಿಯರ ಮೇಲೂ ಇದೆ, ಆಣೆ ಹಾಕಿಸಿಕೊಂಡ ಮಗ್ಗದ ಮೇಲೂ ಇದೆ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ ಎನ್ನುತ್ತಾರೆ. ನಮ್ಮಲ್ಲಿ ಕೋಪ ಯಾವಾಗಲೋ ಆರಿಹೋಗಿತ್ತು. ಆಮೇಲೆ ಕೊಯ್ದದ್ದೆಲ್ಲ ಬರೀ ನಿಯತ್ತಿಗೆ.

ಮರುದಿನ ಅವ್ವನ ಮಾತು ಮೀರಿ ಕೂಸನ್ನು ಕಟ್ಟಿಕೊಂಡು ನಾನು ಆಸ್ಪತ್ರೆಗೆ ಹೋದೆ. ಬೆನ್ನು ಮುರಿದಿದೆ, ಒಳಗೂ ಪೆಟ್ಟಾಗಿದೆ, ಲಕ್ಷ್ಮೇಶ್ವರಕ್ಕೆ ಖಬರ ಕಳಿಸಿರಿ ಎಂದು ಡಾಕ್ಟರು ಹೇಳಿಯಾಗಿತ್ತು. ಅವ್ವ ಮಂಚದ ಪಕ್ಕ ಕೂತಿದ್ದಳು. ಅಪ್ಪ ಬಾಗಿಲ ಹೊರಗೆ ಗೋಡೆಗೆ ಒರಗಿ ನಿಂತಿದ್ದ. ಆತ ಒಳಗೆ ಇಣುಕಿದಾಗಲೆಲ್ಲ ಚಿಗವ್ವ ಆ ಸ್ಥಿತಿಯಲ್ಲೂ ಕೈಯಿಂದ ಸೆರಗು ಹುಡುಕುತ್ತಿದ್ದಳಂತೆ.

ನಾನು ಕೂಸನ್ನು ಆಕೆಯ ಮುಖದ ಹತ್ತಿರ ಹಿಡಿದೆ. ಚಿಗವ್ವ ಬಹಳ ಹೊತ್ತು ನೋಡಿದಳು.

ಅವ್ವನಿಗೆ ತಡೆಯಲಾಗಲಿಲ್ಲ. "ಗ್ವಾಡಿ ಹಸಿ ಆಗಿದ್ದು ನಿನಗ ಗೊತ್ತಿತ್ತಿಲ್ಲೋ? ದಿನಾ ಸಾರಿಸೀಯಲ್ಲ. ಗ್ವಾಡಿ ಬಡದು ಒಂದ ಮಾತು ಹೇಳಿದ್ರ ನಿನ್ನ ಗಂಟೇನು ಹೋಗ್ತಿತ್ತಲೇ?"

"ಹೇಳಬೇಕಂತ ಬಾಗಲ ತನಕ ಬಂದಿದ್ನಕ್ಕಾ," ಎಂದಳು ಚಿಗವ್ವ. ಉಸಿರು ನಿಲ್ಲಿಸಿ ನಿಲ್ಲಿಸಿ ಮಾತಾಡಿದಳು. "ಹೇಳಿದ್ರ ಭಾವಾರು ಅವತ್ತ ಹಾಳಿ ತಗಸ್ತಿದ್ರು. ಅವರ ಸ್ವಭಾವ ನನಗ ಗೊತ್ತಿಲ್ಲೇನು? ತಗಸಿದ್ರ ಮತ್ತ ಬಾಣಂತಿ ಮ್ಯಾಲ ಸೋರ್ತಿತ್ತು. ನಿಂದೊಂದು ಮದ್ಲನೇದ್ದು ಹೋಗಿದ್ದು ನಾ ಕಂಡೇನಿ. ಮಳಿಗಾಲ ಮುಗೀಲಿ, ಕೂಸು ಗಟ್ಟಿ ಆಗ್ಲಿ, ಆಮ್ಯಾಲ ಹೇಳಿದ್ರಾತು ಅಂದ್ಕೊಂಡೆ."

ಅವ್ವ ಬಾಯಿಗೆ ಸೆರಗು ಒತ್ತಿಕೊಂಡಳು.

"ಆ ಕಡಿ ಹನಿ ಬೀಳ್ಲಿಲ್ಲಲ್ಲಕ್ಕಾ?"

"ಇಲ್ಲವ್ವಾ. ಒಂದ ಹನೀನೂ ಬೀಳ್ಲಿಲ್ಲ."

"ಹಂಗಾರ ಛಲೋ ಆತು," ಎಂದು ಚಿಗವ್ವ ಕಣ್ಣು ಮುಚ್ಚಿದಳು.

ಬಾಗಿಲ ಹೊರಗೆ ಅಪ್ಪನಿಗೆ ಎಲ್ಲವೂ ಕೇಳಿಸಿತ್ತು. ಆತ ಟವೆಲ್ಲು ಬಾಯಿಗೆ ತುರುಕಿಕೊಂಡು ಅಳುತ್ತಿದ್ದ. ಒಳಗೆ ಬಾ ಎಂದು ನಾನು ಕೈ ಹಿಡಿದು ಎಳೆದೆ, ಬರಲಿಲ್ಲ. "ನಾ ಬಂದ್ರ ಆಕಿ ಮತ್ತ ಸೆರಗು ಎಳ್ಕೋಬೇಕಾಗತೈತಿ. ಕೈ ಎತ್ತಾಕ ಶಕ್ತಿ ಇಲ್ಲ ಆಕಿಗೆ," ಎಂದ. ಸಂಜೆ ಆಕೆಯ ಮಗಳು ಲಕ್ಷ್ಮೇಶ್ವರದಿಂದ ಬಂದು, ಚಿಗವ್ವನ ಉಸಿರು ನಿಂತ ಮೇಲೆಯೇ ಅಪ್ಪ ಆ ಬಾಗಿಲು ದಾಟಿ ಒಳಗೆ ಹೋದದ್ದು.