ಮೀಟರಕ್ಕನ ಮೂರು ರೀಡಿಂಗು

ನೀರು ಸರಬರಾಜು ಕಚೇರಿಯಲ್ಲಿ ಮೀಟರಕ್ಕ ಮೀಟರ್ ಓದುವ ಕೆಲಸಕ್ಕೆ ಸೇರಿ ಹದಿಮೂರು ವರ್ಷವಾಗಿತ್ತು. ಕೈಯಲ್ಲಿ ಮುಚ್ಚಳ ಎತ್ತುವ ಕಬ್ಬಿಣದ ಕೊಕ್ಕೆ, ಸೊಂಟದಲ್ಲಿ ಗಾಜು ಒರೆಸುವ ಬಟ್ಟೆ, ಚೀಲದಲ್ಲಿ ಟಾರ್ಚು. ದಿನಕ್ಕೆ ನೂರೈವತ್ತು ಗುಂಡಿಗಳಿಗೆ ಬಗ್ಗುತ್ತಿದ್ದಳು. ಗುಂಡಿಯಲ್ಲಿ ಕಪ್ಪೆಯಿದ್ದರೆ "ಸ್ವಲ್ಪ ಸರಿಯಪ್ಪಾ" ಎಂದು ಮರ್ಯಾದೆಯಿಂದ ಹೇಳಿ ಅಂಕಿ ಬರೆದುಕೊಳ್ಳುತ್ತಿದ್ದಳು. ಮನುಷ್ಯರಿಗೆ ಆ ಮರ್ಯಾದೆ ಸಿಗುತ್ತಿರಲಿಲ್ಲ. ಕೆಟ್ಟ ನಲ್ಲಿಯನ್ನು ತಿಂಗಳುಗಟ್ಟಲೆ ಸೋರಲು ಬಿಟ್ಟು ಮೀಟರನ್ನು ಬೈಯುವವರ ಮುಖಕ್ಕೇ ಹೇಳಿಬಿಡುತ್ತಿದ್ದಳು. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದೆಯುತ್ತಾರೆ ಎಂಬುದು ಅವಳಿಗೂ ಗೊತ್ತಿತ್ತು. ಕೈಯಲ್ಲಿ ಕೊಕ್ಕೆ ಇದ್ದದ್ದರಿಂದ ಯಾರೂ ಒದೆಯಲಿಲ್ಲ.

ಮೂವತ್ತೇಳನೆಯ ವಯಸ್ಸಿನಲ್ಲಿ ಅವಳು ಮೊದಲ ಸಲ ಬಸುರಾದಳು. ಎಂಟನೆಯ ವಾರದಲ್ಲಿ ಅದು ಹೋಯಿತು. ಹದಿನೈದು ದಿನ ರಜೆ ಹಾಕಿ, ಹದಿನಾರನೆಯ ದಿನ ಕೆಲಸಕ್ಕೆ ಹೋದಳು. ನಾಲ್ಕು ತಿಂಗಳು ಕಳೆದ ಮೇಲೆ ಪರೀಕ್ಷೆಯ ಪಟ್ಟಿಯಲ್ಲಿ ಮತ್ತೆ ಎರಡು ಗೆರೆ ಕಾಣಿಸಿದವು. ಈ ಸಲವಾದರೂ ನಿಲ್ಲುತ್ತದೆಯೇ? ಮನೆಯಲ್ಲಿ ಯಾರೂ ಬಾಯಿಬಿಟ್ಟು ಕೇಳದ, ಎಲ್ಲರೂ ಉಣ್ಣುತ್ತಾ ಯೋಚಿಸುತ್ತಿದ್ದ ಪ್ರಶ್ನೆ ಅದೊಂದೇ.

ಡಾಕ್ಟರಮ್ಮ ಆಸ್ಪತ್ರೆಯ ಹತ್ತಿರದ ಲ್ಯಾಬಿನಲ್ಲಿ ರಕ್ತ ಪರೀಕ್ಷೆಗೆ ಬರೆದರು. ಗರ್ಭ ನಿಂತಾಗ ರಕ್ತದಲ್ಲಿ ಏರುವ ಎಚ್‌ಸಿಜಿ ಎಂಬ ಹಾರ್ಮೋನಿನ ಮಟ್ಟ ಇನ್ನೂರ ನಲವತ್ತು ಬಂತು.

"ಇದು ಹಳೇದೇ ಉಳ್ಕೊಂಡಿರಬಹುದಾ ಡಾಕ್ಟ್ರೇ?"

"ಹೋದ ಸಲದ್ದು ಪೂರ್ತಿ ಇಳಿಯೋಕೆ ಕೆಲವು ವಾರ ಬೇಕಾಗುತ್ತೆ, ನಿಜ. ಆದರೆ ನಿಮ್ಮದು ಸೊನ್ನೆಗೆ ಇಳಿದಿದ್ದನ್ನ ನಾನೇ ನೋಡಿದ್ದೆ. ಇದು ಹೊಸದು."

"ಹಾಗಾದ್ರೆ ಇನ್ನೂರ ನಲವತ್ತು ಒಳ್ಳೇದೋ ಕೆಟ್ಟದ್ದೋ?"

"ಒಂದು ಸಂಖ್ಯೆ ಇಟ್ಕೊಂಡು ಏನೂ ಹೇಳೋಕಾಗಲ್ಲ. ಇದೇ ದಿನಕ್ಕೆ ಒಬ್ಬರಿಗೆ ಐವತ್ತಿರುತ್ತೆ, ಇನ್ನೊಬ್ಬರಿಗೆ ಐನೂರಿರುತ್ತೆ, ಇಬ್ಬರೂ ಚೆನ್ನಾಗಿ ಹೆರ್ತಾರೆ. ಎರಡು ದಿನ ಬಿಟ್ಟು ಇನ್ನೊಂದು ಸಲ ಕೊಡಿ. ಹೆಚ್ಚುಕಡಿಮೆ ಅರ್ಧದಷ್ಟಾದರೂ ಏರಬೇಕು. ದುಪ್ಪಟ್ಟಾದರೆ ಸಂತೋಷ. ಈ ಮಧ್ಯೆ ಹೊಟ್ಟೆ ನೋವೋ ರಕ್ತವೋ ಕಂಡರೆ ನೇರ ಇಲ್ಲಿಗೆ ಬನ್ನಿ."

ಮೀಟರಕ್ಕನಿಗೆ ಇದು ಸಲೀಸಾಗಿ ಅರ್ಥವಾಯಿತು. ಅವಳ ಗಂಡನಿಗೆ ಆಗಲಿಲ್ಲ. ಅವನದು ಕ್ಷೌರದಂಗಡಿ, ನಾಲ್ಕು ಕುರ್ಚಿ, ಒಂದು ರೇಡಿಯೊ. ಅವನ ಕೈಗೆ ಸಿಕ್ಕ ತಲೆಯಿಂದ ಕೂದಲು ಉದುರುವಂತೆ ಅವನ ಬಾಯಿಂದ ಸಮಾಚಾರ ಉದುರುತ್ತಿತ್ತು. ಮಧ್ಯಾಹ್ನದೊಳಗೆ ಇನ್ನೂರ ನಲವತ್ತು ಅಂಗಡಿಯ ಆಸ್ತಿಯಾಯಿತು.

"ಇನ್ನೂರ ನಲವತ್ತಾ? ಸಕ್ಕರೆ ಜಾಸ್ತಿಯಾಯ್ತಲ್ಲ! ಅನ್ನ ಬಿಡಿಸು," ಎಂದ ಒಬ್ಬ, ಮುಖದ ತುಂಬ ನೊರೆ ಇಟ್ಟುಕೊಂಡು.

"ನನ್ನ ಸೊಸೆಗೆ ಎರಡು ಸಾವಿರ ಇತ್ತಪ್ಪ," ಎಂದ ಇನ್ನೊಬ್ಬ, ಸೊಸೆ ಪರೀಕ್ಷೆಯಲ್ಲಿ ಮೊದಲ ದರ್ಜೆಯಲ್ಲಿ ಪಾಸಾದವಳೆಂಬಂತೆ.

ಗಡ್ಡ ಕೆರೆಸಲು ಬಂದಿದ್ದ ಒಬ್ಬ, ಮೂಲೆಯ ಲ್ಯಾಬಿನಲ್ಲಿ ರಕ್ತ ತೆಗೆಯುವವನು, ಪರೋಪಕಾರಿ. "ಅಷ್ಟು ದೂರ ಹೋಗಿ ಯಾಕಣ್ಣಾ ಕ್ಯೂ ನಿಲ್ತೀರಾ? ಎರಡನೇದನ್ನ ನಮ್ಮಲ್ಲೇ ಕೊಡಿ. ಅತ್ತಿಗೆ ಬಂದು ಕೂತ್ಕೊಳ್ಳಿ ಸಾಕು, ಎರಡೇ ನಿಮಿಷ," ಎಂದ.

ಹಾಗೆ ಎರಡನೆಯ ರಕ್ತ ಮೂಲೆಯ ಲ್ಯಾಬಿಗೆ ಹೋಯಿತು. ಮುನ್ನೂರ ಒಂದು ಬಂತು.

ಮೀಟರಕ್ಕ ಅಡಿಗೆಮನೆಯ ಕಟ್ಟೆಯ ಮೇಲೆ ಕಳೆದಳು. ಅರವತ್ತೊಂದು. ಅರ್ಧವಿರಲಿ, ಕಾಲುಭಾಗಕ್ಕೆ ಒಂದು ಹೆಚ್ಚು. ಡಾಕ್ಟರಮ್ಮನಿಗೆ ಫೋನು ಮಾಡಿದರೆ ಅವರು ಹೆರಿಗೆ ಕೋಣೆಯಲ್ಲಿದ್ದರು. ನರ್ಸು ಎರಡೂ ಸಂಖ್ಯೆ ಕೇಳಿಸಿಕೊಂಡು, "ಏರಿಕೆ ನಿಧಾನ ಅನ್ಸುತ್ತೆ. ನಾಳೆ ಮಧ್ಯಾಹ್ನ ಬನ್ನಿ, ಡಾಕ್ಟರ್ ನೋಡ್ತಾರೆ," ಎಂದಳು.

ಅತ್ತೆ ಏನೂ ಕೇಳದೆ ಸೊಸೆಯ ತಟ್ಟೆಗೆ ಇನ್ನೊಂದು ಸೌಟು ಅನ್ನ ಹಾಕಿದಳು.

"ಬೇಡ ಅತ್ತೆ."

"ನಾನು ಐದು ಹೆತ್ತೆ. ಒಂದಕ್ಕೂ ನಂಬರ್ ಇರಲಿಲ್ಲ."

"ಐದರಲ್ಲಿ ಉಳಿದಿದ್ದು ಎಷ್ಟು ಅತ್ತೆ?"

"ಮೂರು," ಎಂದಳು ಅತ್ತೆ. ಅನ್ನದ ಮೇಲೆ ಸಾರು ಬಿಟ್ಟು, "ನಂಬರ್ ಇದ್ದಿದ್ರೆ ಮುಂಚೇನೇ ಅಳಬಹುದಿತ್ತು, ಅಷ್ಟೇ. ಉಣ್ಣು," ಎಂದಳು.

ಗಂಡ ಆ ದಿನ ಒಂದು ಮಾತೂ ಆಡಲಿಲ್ಲ. ಅದನ್ನು ಕಂಡು ಮೀಟರಕ್ಕನಿಗೆ ನಿಜಕ್ಕೂ ಭಯವಾಯಿತು.

ಮರುದಿನ ಬೆಳಿಗ್ಗೆ, ಮನೆಯಲ್ಲಿ ಕೂತರೆ ತಲೆ ಕೆಡುತ್ತದೆಂದು ಕೆಲಸಕ್ಕೆ ಹೊರಟಳು. ಮೂರನೆಯ ಅಡ್ಡರಸ್ತೆಯಲ್ಲಿ ಒಬ್ಬ ಅಜ್ಜ ಚೀಟಿ ಹಿಡಿದು ಗೇಟಿನಲ್ಲೇ ಕಾಯುತ್ತಿದ್ದ.

"ಬಾಮ್ಮಾ ಬಾ. ಹೋದ ತಿಂಗಳು ನಾಲ್ಕು ಸಾವಿರದ ಎಂಟುನೂರ ಹನ್ನೆರಡು. ಈ ತಿಂಗಳು ನಾನೇ ಬಗ್ಗಿ ನೋಡಿದೆ, ಮೂವತ್ತೇಳು. ನಾನೇನು ಕುಡಿದ ನೀರನ್ನ ವಾಪಸ್ ಕಳಿಸ್ತಾ ಇದ್ದೀನಾ?"

"ಮೀಟರ್ ಬದಲಾಯಿಸಿದ್ದಾರೆ ಅಜ್ಜಾ," ಎಂದಳು ಮೀಟರಕ್ಕ, ಗುಂಡಿಯ ಮುಚ್ಚಳ ಎತ್ತುತ್ತಾ. "ಹಳೇ ಮೀಟರಿನ ಅಂಕಿಗೂ ಹೊಸ ಮೀಟರಿನ ಅಂಕಿಗೂ ನೆಂಟಸ್ತಿಕೆ ಇಲ್ಲ. ಒಂದರಿಂದ ಇನ್ನೊಂದನ್ನ ಕಳೀಲೇಬಾರದು. ಇಷ್ಟೂ ಗೊತ್ತಾಗಲ್ವಾ ನಿಮ್ಗೆ?"

ಹೇಳಿ ಮುಗಿಸಿದವಳು ಮುಚ್ಚಳವನ್ನು ಅರ್ಧದಲ್ಲೇ ಹಿಡಿದು ನಿಂತುಬಿಟ್ಟಳು.

"ಏನಾಯ್ತಮ್ಮ? ಹಾವಿದೆಯಾ?"

"ಇಲ್ಲ ಅಜ್ಜಾ. ನನ್ನ ಬುದ್ಧಿ ಇಲ್ಲಿ ಬಿದ್ದಿತ್ತು."

ಅರ್ಧ ದಿನದ ರಜೆ ಹಾಕಿ, ಕೊಕ್ಕೆಯ ಸಮೇತ ಆಸ್ಪತ್ರೆಗೆ ಹೋದಳು. ಕಾಯುವವರ ಬೆಂಚಿನಲ್ಲಿ ಆ ಕೊಕ್ಕೆ ನೋಡಿ ಇಬ್ಬರು ದೂರ ಸರಿದು ಜಾಗ ಕೊಟ್ಟರು. ಡಾಕ್ಟರಮ್ಮ ಎರಡೂ ವರದಿಗಳನ್ನು ಪಕ್ಕಪಕ್ಕ ಇಟ್ಟು, ಕನ್ನಡಕದ ಮೇಲಿಂದ ನೋಡಿದರು.

"ಎರಡು ಲ್ಯಾಬಾ? ಯಾರು ಹೇಳಿದ್ದು ನಿಮಗೆ?"

"ನಮ್ಮವರ ಅಂಗಡಿ ಗಿರಾಕಿ."

"ಗಡ್ಡ ಕೆರೆಸೋಕೆ ಬಂದವರ ಹತ್ರ ಇನ್ನೇನೇನು ಕೇಳ್ತೀರಾ? ಒಂದೊಂದು ಯಂತ್ರದ ಅಳತೆ ಒಂದೊಂದು ಥರ. ಒಂದೇ ರಕ್ತವನ್ನ ಎರಡು ಕಡೆ ಕೊಟ್ಟರೂ ಒಂದೇ ಸಂಖ್ಯೆ ಬರಬೇಕಂತಿಲ್ಲ."

"ಅದನ್ನೇ ಹೇಳೋಕೆ ಬಂದೆ ಡಾಕ್ಟ್ರೇ. ಮೀಟರ್ ಬದಲಾಗಿದೆ."

ಡಾಕ್ಟರಮ್ಮ ನಗಲಿಲ್ಲ. "ಹಾಗಂತ ಎಲ್ಲ ಸರಿ ಇದೆ ಅಂತ ನಾನು ಹೇಳ್ತಿಲ್ಲ. ನಿಜವಾಗ್ಲೂ ನಿಧಾನ ಇರಬಹುದು. ಗರ್ಭ ನಿಲ್ಲಬಾರದ ಕಡೆ ನಿಂತಿದ್ದರೂ ಹೀಗೇ ಆಗುತ್ತೆ. ನೋವಿದೆಯಾ?"

"ಇಲ್ಲ."

"ನಾಳೆಗೆ ಮೊದಲನೇ ಪರೀಕ್ಷೆಯಾಗಿ ನಾಲ್ಕು ದಿನ. ಮೊದಲು ಕೊಟ್ಟ ಲ್ಯಾಬಿಗೇ ಹೋಗಿ ಕೊಡಿ. ಮೊದಲನೇದಕ್ಕೂ ಇದಕ್ಕೂ ಹೋಲಿಸೋಣ. ಮಧ್ಯದ ಮುನ್ನೂರ ಒಂದನ್ನ ಮರೆತುಬಿಡಿ."

ಮರೆಯುವುದು ಸುಲಭವಾಗಿರಲಿಲ್ಲ. ಮರುದಿನ ಗಂಡ ಅಂಗಡಿಗೆ ಬೀಗ ಹಾಕಿ ಲ್ಯಾಬಿನ ಸಾಲಿನಲ್ಲಿ ಅವಳ ಜೊತೆ ನಿಂತ. ಸಂಜೆ ವರದಿಯ ಲಕೋಟೆಯನ್ನು ಅವಳೇ ಹರಿದಳು. ಒಂಬೈನೂರ ಐದು.

"ಕಳಿ, ಕಳಿ," ಎಂದ ಗಂಡ.

"ಕಳೆಯೋದಲ್ಲ ರೀ, ಭಾಗಿಸಬೇಕು. ನಾಲ್ಕು ದಿನದಲ್ಲಿ ನಾಲ್ಕರಷ್ಟು ಆಗೋಕೆ ಸ್ವಲ್ಪ ಕಮ್ಮಿ."

"ಅಂದ್ರೆ?"

"ಅಂದ್ರೆ ಸಾಕಷ್ಟು ಏರಿದೆ."

ಆತ ಲ್ಯಾಬಿನ ಮೆಟ್ಟಿಲ ಮೇಲೆ ಕುಳಿತುಬಿಟ್ಟ. ಡಾಕ್ಟರಮ್ಮ ಫೋನಿನಲ್ಲಿ, ಇನ್ನು ರಕ್ತ ಕೊಡುವುದು ಬೇಡ, ಎಣಿಸುವುದೂ ಬೇಡ, ಎರಡು ವಾರ ಬಿಟ್ಟು ಸ್ಕ್ಯಾನಿಗೆ ಬನ್ನಿ ಎಂದರು. ಆ ಎರಡು ವಾರ ಮೀಟರಕ್ಕ ಗಿರಾಕಿಗಳನ್ನು ಬೈಯಲಿಲ್ಲ. ಅವಳಿಗೆ ವರ್ಗವಾಗಿ ಬೇರೆ ಯಾರೋ ಬಂದಿದ್ದಾರೆಂದು ಎರಡು ಬೀದಿಯವರು ಭಾವಿಸಿದರು.

ಸ್ಕ್ಯಾನಿನ ಕೋಣೆಯಲ್ಲಿ ಡಾಕ್ಟರಮ್ಮ ಪರದೆಯನ್ನು ಅವಳತ್ತ ತಿರುಗಿಸಿದರು. ಬೂದು ಬಣ್ಣದ ನಡುವೆ ಅಕ್ಕಿಕಾಳಿನಷ್ಟು ಏನೋ ಮಿಣುಕುತ್ತಿತ್ತು. ಕೆಳಗೆ ಮೂರು ಅಂಕಿ.

"ಗರ್ಭ ಸರಿಯಾದ ಜಾಗದಲ್ಲಿದೆ. ಅದು ಹೃದಯ. ನಿಮಿಷಕ್ಕೆ ಎಷ್ಟು ಅಂತ ಬರೆದಿದೆ, ಓದಿ."

ಕೆಸರಿನ ಗಾಜಿನಲ್ಲಿ, ಕತ್ತಲ ಗುಂಡಿಯಲ್ಲಿ ಹದಿಮೂರು ವರ್ಷ ಅಂಕಿ ಓದಿದವಳಿಗೆ ಶುಭ್ರವಾದ ಪರದೆಯ ಮೇಲಿನ ಮೂರಂಕಿ ಓದಲಾಗಲಿಲ್ಲ. ಕಣ್ಣಿನ ತುಂಬ ನೀರು.

"ರೀ, ನೀವು ಓದಿ."

"ನಂಗೂ ಕಾಣ್ತಿಲ್ಲ ಕಣೇ," ಎಂದ ಗಂಡ, ಮೂಗು ಒರೆಸಿಕೊಳ್ಳುತ್ತಾ.

"ನೂರ ಇಪ್ಪತ್ತಾರು," ಎಂದು ಡಾಕ್ಟರಮ್ಮನೇ ಓದಿದರು. "ಚೆನ್ನಾಗಿದೆ. ಈಗ ಇಬ್ಬರೂ ಏಳಿ, ಹೊರಗೆ ಒಂಬತ್ತು ಜನ ಕಾಯ್ತಾ ಇದ್ದಾರೆ."