ಅಕ್ಷರವಾಗಿ ಬಂದ ಕರೆ

ನನ್ನ ಕಿವಿ ಹೋದದ್ದು ಒಂದು ಜ್ವರದಲ್ಲಿ. ಆಗ ಮದ್ದೂರಿನ ಶಾಲೆಯೊಂದರಲ್ಲಿ ಪಾಠ ಹೇಳುತ್ತಿದ್ದೆ. ಜ್ವರ ಬಿಟ್ಟಿತು, ಬಿಡುವಾಗ ಎರಡೂ ಕಿವಿಯನ್ನು ಜೊತೆಗೆ ಕರೆದುಕೊಂಡು ಹೋಯಿತು. ಮಂಡ್ಯದ ಡಾಕ್ಟರು ಕೊಟ್ಟ ಮಿಷನ್ನು ಹಾಕಿಕೊಂಡರೆ ಬಸ್ಸಿನ ಹಾರನ್ನೂ ಗಂಡನ ಮಾತೂ ಒಂದೇ ಗೊರಗೊರ. ತೆಗೆದು ಬೀರುವಿನಲ್ಲಿಟ್ಟೆ. ಶಾಲೆಯವರು ನನ್ನನ್ನು ಆಫೀಸಿನ ಮೇಜಿಗೆ ಹಾಕಿದರು.

ಹಾಡು ಕೇಳಿಸುವುದಿಲ್ಲವಲ್ಲ, ಪಾಪ, ಎನ್ನುತ್ತಾರೆ ಜನ. ಹಾಡು ಹಾಳಾಗಿ ಹೋಗಲಿ. ನನಗೆ ಬಂದ ಮಾತನ್ನು ಇನ್ನೊಬ್ಬರು ಜರಡಿ ಹಿಡಿದು ಕೊಡುತ್ತಾರಲ್ಲ, ಮೈ ಉರಿಯುವುದು ಅದಕ್ಕೆ. ಹಲಗೂರಿನಿಂದ ಅವ್ವ ಫೋನು ಮಾಡುತ್ತಿದ್ದಳು. ನನ್ನ ಗಂಡ ಕಿವಿಗಿಟ್ಟುಕೊಂಡು ಎಷ್ಟೋ ಹೊತ್ತು ತಲೆಯಾಡಿಸುತ್ತಿದ್ದರು, ನಗುತ್ತಿದ್ದರು, ಹೌದಾ ಎಂದು ಕಣ್ಣರಳಿಸುತ್ತಿದ್ದರು. ಇಟ್ಟ ಮೇಲೆ ಏನಂತೆ ಎಂದು ಕೇಳಿದರೆ, "ಏನಿಲ್ಲ ಕಣೆ, ಚೆನ್ನಾಗವ್ರಂತೆ." ತುಟಿ ನೋಡಿ ಅಷ್ಟನ್ನು ತಿಳಿಯುತ್ತಿದ್ದೆ. ಅಷ್ಟು ಹೊತ್ತು ಆಡಿದ ನಮ್ಮವ್ವ ಎಲ್ಲಿ ಹೋದಳು ಹಾಗಾದರೆ? ನನಗೆ ಅವ್ವನ ಇಡೀ ಮಾತು ಬೇಕಿತ್ತು, ಒಂದು ಚೂರೂ ಉದುರದೆ. ಎಲ್ಲರಿಗೂ ಸಿಗುವ ಹಾಗೆ ನೇರವಾಗಿ, ನನಗೇ.

ಅವ್ವ ಇದ್ದದ್ದು ನನ್ನ ತಮ್ಮನ ಮನೆಯಲ್ಲಿ. ಆಡಿದ ಮಾತನ್ನು ಆಡುತ್ತಿದ್ದ ಹಾಗೇ ಅಕ್ಷರ ಮಾಡಿ ತೋರಿಸುವ ಇಂಟರ್ನೆಟ್ ಫೋನು ಬಂದಿದೆಯೆಂದು ಯಾರೋ ಅವನಿಗೆ ಹೇಳಿದ್ದರು. ಬಂದು ನನ್ನ ಫೋನಿಗೂ ಹಾಕಿ, ತನ್ನದಕ್ಕೂ ಹಾಕಿಕೊಂಡು ಹೋದ. ಆ ಯಂತ್ರಕ್ಕೆ ರೇಡಿಯೋದ ಕನ್ನಡ ಗೊತ್ತಿತ್ತೇ ಹೊರತು ಹಕಾರ ನುಂಗುವ ಹಲಗೂರಿನ ಕನ್ನಡ ಗೊತ್ತಿರಲಿಲ್ಲ. ಮೊದಮೊದಲು ಏನೇನೋ ಬರೆಯಿತು. ಹಕಾರ ಹಾಕಿ ಮಾತಾಡವ್ವ, ಅದಕ್ಕೆ ತಿಳಿಯುತ್ತದೆ ಎಂದು ತಮ್ಮ ಹೇಳಿದ್ದೇ ತಡ, ಅವ್ವ ಬೇಕಾದ ಕಡೆ ಬಿಟ್ಟು ಬೇಡದ ಕಡೆಯೆಲ್ಲ ಹಾಕಿದಳು. "ಹನ್ನ ಹುಂಡ್ಯಾ ಮಗ?" ಪರದೆಯ ಮೇಲೆ ಅದು ಮೂಡಿದಾಗ ನಾನು ನಕ್ಕು ನಕ್ಕು ಸುಸ್ತಾದೆ. ಆಮೇಲೆ ಯಂತ್ರವೂ ಕಲಿಯಿತು, ಅವ್ವನೂ ಪಳಗಿದಳು. ದಿನಾ ಬೆಳಿಗ್ಗೆ ಹೊಲ, ಸೊಸೆ, ಮೊಣಕಾಲು, ಪಕ್ಕದ ಮನೆಯ ಜಗಳ ಎಲ್ಲ ನನ್ನ ಅಂಗೈಯಲ್ಲಿ.

ಓದುವಾಗ ಒಳಗೆ ಅವ್ವನ ದನಿ ಕೇಳುತ್ತಿತ್ತು, ಕಿವಿ ಹೋಗುವ ಮುಂಚಿನ ಗಟ್ಟಿ ದನಿ. ಅವ್ವ ಬಾಗಿದ್ದಳು, ದನಿಗೆ ವಯಸ್ಸಾಗಿರಲಿಲ್ಲ. ತಮ್ಮನ ಹೆಂಡತಿ ನಮ್ಮ ಮನೆಗೆ ಬಂದದ್ದು ನನ್ನ ಕಿವಿ ಹೋದ ಮೇಲೆ. ಅವಳ ದನಿಯನ್ನು ನಾನು ಕೇಳೇ ಇಲ್ಲ. ಅವಳ ಮಾತು ಓದಿದರೆ ಎಂದೋ ತೀರಿಕೊಂಡ ನಮ್ಮ ಚಿಕ್ಕಮ್ಮನ ದನಿ ಬರುತ್ತಿತ್ತು. ನಾನು ಕರೆದದ್ದಲ್ಲ, ತಾನೇ ಬಂದು ಸೇರಿಕೊಂಡದ್ದು. ಸತ್ತವಳು "ಅಕ್ಕಾ, ಉಪ್ಸಾರು ಮಾಡಿವ್ನಿ, ಬಾ" ಅನ್ನುವಾಗ ಬೆನ್ನ ಮೇಲೆ ತಣ್ಣಗೆ ಏನೋ ಹರಿದ ಹಾಗಾಗುತ್ತಿತ್ತು. ಇದನ್ನು ಯಾರಿಗೂ ಹೇಳಲಿಲ್ಲ.

ನಮ್ಮ ಕಡೆ ಸಾವನ್ನು ಫೋನಿನಲ್ಲಿ ಸಾವು ಎಂದು ಹೇಳುವುದಿಲ್ಲ. ಸ್ವಲ್ಪ ಹುಷಾರಿಲ್ಲ, ಬಂದುಬಿಡಿ ಎನ್ನುತ್ತಾರೆ. ದಾರಿಯಲ್ಲಿ ಎದೆ ಒಡೆದುಕೊಂಡಾರು ಎಂಬ ಕರುಣೆ ಅದು. ಉಳಿದದ್ದನ್ನು ದನಿ ಹೇಳುತ್ತದೆ.

ಆವತ್ತು ನನ್ನ ಗಂಡ ಮಂಡ್ಯಕ್ಕೆ ಹೋಗಿದ್ದರು. ಅವ್ವನಿಗೆ ಒಂದೆರಡು ದಿನದಿಂದ ಜ್ವರ ಇತ್ತು. ಬೆಳಿಗ್ಗೆ ತಮ್ಮನ ಕರೆ ಬಂತು. ಮುಖ ಕಾಣುತ್ತಿರಲಿಲ್ಲ, ಕ್ಯಾಮೆರಾ ಹಾಕಿರಲಿಲ್ಲ. ಅಕ್ಷರ ಮೂಡಿತು: "ಅವ್ವಂಗೆ ಸಲ್ಪ ಉಸಾರಿಲ್ಲ ಕಣಕ್ಕ. ಬಂದ್ಬುಡು."

ನಾನೂ ಇದೇ ನೆಲದವಳಲ್ಲವೆ? ಆ ಮಾತು ಯಾವಾಗ ಬರುತ್ತದೆಂದು ನನಗೆ ಗೊತ್ತಿಲ್ಲವೆ? "ನಿಜ ಹೇಳ್ಲಾ, ಅವ್ವ ಹೆಂಗವ್ಳೆ?" ಎಂದು ಕೂಗಿದೆ. ಅವನದು ಏನೂ ಬರಲಿಲ್ಲ. ಅದರ ಬದಲು ಮನೆಯೊಳಗಿನ ಬೇರೆ ಮಾತು ಒಂದೊಂದಾಗಿ ಇಳಿಯಿತು: "ಎದ್ದೇಳವ್ವ. ಕಾಪಿ ಕುಡಿಯವ್ವ. ನಿನ್ ಮಗಳು ಬತ್ತಾವ್ಳೆ, ಕಣ್ಬುಟ್ಟು ನೋಡವ್ವ." ತಮ್ಮನ ಹೆಂಡತಿ ಇರಬೇಕು, ಅದೇ ಚಿಕ್ಕಮ್ಮನ ದನಿ ನನ್ನ ತಲೆಯೊಳಗೆ ಮೆಲ್ಲಗೆ ರಮಿಸುತ್ತಿತ್ತು. ಸದ್ಯ, ದೇವರೇ! ಮಲಗಿದ್ದಾಳೆ, ಕಾಫಿಗೆ ಎಬ್ಬಿಸುತ್ತಿದ್ದಾರೆ. ಹೋದ ಜೀವ ಬಂದಂತಾಯಿತು.

ಮಳವಳ್ಳಿಯಲ್ಲಿ ಬಸ್ಸು ಬದಲಿಸಬೇಕು. ಹಲಗೂರಿನ ಬಸ್ಸು ಹೊರಡುವುದರಲ್ಲಿತ್ತು. ಅವ್ವನ ಬಾಯಲ್ಲಿ ಹಲ್ಲಿಲ್ಲ, ಕಾಫಿಯಲ್ಲಿ ಅದ್ದಿದರೆ ಕರಗುವ ಬೆಣ್ಣೆ ಬಿಸ್ಕತ್ತು ಅಂದರೆ ಪ್ರಾಣ. ಬೇಕರಿಯ ಮುಂದೆ ನಿಂತು ಕಟ್ಟಿಸಿಕೊಂಡೆ. ಬಸ್ಸು ಹೋಯಿತು, ಹೋಗಲಿ ಬಿಡು ಎಂದುಕೊಂಡೆ, ಮುಂದಿನದಕ್ಕೆ ಕಾದೆ. ಕಿಟಕಿಯ ಪಕ್ಕ ಕೂತು, ಹೋದ ತಕ್ಷಣ ಏನೇನು ಮಾತಾಡಬೇಕೆಂದು ಒಳಗೇ ಜೋಡಿಸಿಕೊಳ್ಳುತ್ತಿದ್ದೆ.

ತಮ್ಮನ ಬೀದಿಗೆ ತಿರುಗಿದಾಗ ಅಂಗಳದಲ್ಲಿ ಜನ ಕಂಡರು. ಜನರ ನಡುವೆ ಅವ್ವ ಕಂಡಳು. ಗೋಡೆಗೆ ಒರಗಿ ಕೂತಿದ್ದಳು, ಹೊಸ ಸೀರೆ ಉಟ್ಟು. ಅಯ್ಯೋ ನನ್ನವ್ವ ಎದ್ದು ಕೂತವಳೆ! ಬಿಸ್ಕತ್ತಿನ ಪೊಟ್ಟಣ ಎತ್ತಿ ತೋರಿಸಿದೆ. ನಗುತ್ತಲೇ ಹೋದೆ. ಜನ ನನ್ನ ನಗು ನೋಡಿ ಹಿಂದೆ ಸರಿದರು. ಗದ್ದಕ್ಕೂ ತಲೆಗೂ ಸೇರಿಸಿ ಕಟ್ಟಿದ್ದ ಬಿಳಿ ಬಟ್ಟೆ ಕಾಣುವ ಹೊತ್ತಿಗೆ ನಾನು ಅವಳ ಕಾಲ ಬಳಿಯೇ ನಿಂತಿದ್ದೆ. ಆಗಲೂ ಹೆಂಗಸರ ಬಾಯಿ ಆಡುತ್ತಿತ್ತು: ಎದ್ದೇಳವ್ವ, ಕಾಪಿ ಕುಡಿಯವ್ವ. ಹೆಣವನ್ನು ಗೋಡೆಗೆ ಒರಗಿಸಿ ಕೂರಿಸಿಕೊಂಡು, ಬದುಕಿದ್ದವರನ್ನು ಕರೆದ ಹಾಗೆಯೇ ಕರೆದು ಅಳುವುದಲ್ಲವೆ ನಮ್ಮ ಹೆಂಗಸರು? ಚಿಕ್ಕಂದಿನಿಂದ ಕೇಳಿದ್ದೇನೆ, ಚಿಕ್ಕಮ್ಮ ಸತ್ತಾಗ ನಾನೇ ಹಾಗೆ ಅತ್ತಿದ್ದೇನೆ. ಅಕ್ಷರದಲ್ಲಿ ಓದಿದ್ದು ಅದೇ ಮೊದಲು.

ಮಣ್ಣಾಯಿತು. ಹನ್ನೊಂದನೇ ದಿನದ ತಿಥಿಯೂ ಮುಗಿಯಿತು. ನೆಂಟರೆಲ್ಲ ಹೊರಟ ಮೇಲೆ, ಒಂದು ಮಧ್ಯಾಹ್ನ, ತಮ್ಮನನ್ನು ಎದುರಿಗೆ ಕೂರಿಸಿಕೊಂಡೆ. ಅವನ ಮಾತು ಬರೆಯಲೆಂದು ಫೋನನ್ನು ನಡುವೆ ಇಟ್ಟೆ. ಇಷ್ಟು ದಿನ ನುಂಗಿದ್ದ ಸಿಟ್ಟೆಲ್ಲ ಒಟ್ಟಿಗೆ ಬಂತು.

"ಊರಿಗೆಲ್ಲ ಗೊತ್ತು, ನನಗೊಬ್ಬಳಿಗೆ ಗೊತ್ತಿಲ್ಲ. ನಗ್ತಾ ಬಂದೆ ಕಣ್ಲಾ ನಾನು, ಹೆಣದ ಮುಂದೆ! ಯಾಕ್ಲಾ ಹೇಳ್ಲಿಲ್ಲ?"

ಅವನು ಬೆಚ್ಚಿದ. ಅಕ್ಷರ ಮೂಡಿತು: "ಏಳ್ದೆ ಕಣಕ್ಕ. ಅತ್ಕಂಡೇ ಏಳ್ದ್ನಲ್ಲ, ಬಾಯೇ ಬರ್ನಿಲ್ಲ ನಂಗೆ. ನಿಂಗೆ ತಿಳೀತು ಅನ್ಕಂಡೆ."

ಆ ಬೆಳಗಿನ ಕರೆಯ ಅಕ್ಷರ ಫೋನಿನಲ್ಲಿ ಹಾಗೇ ಉಳಿದಿತ್ತು, ತೆಗೆದು ಅವನ ಮುಂದೆ ಹಿಡಿದೆ. ಬೆರಳಿಟ್ಟುಕೊಂಡು ಓದಿದ. ತನ್ನ ಮಾತು, ಹೆಂಡತಿಯ ಮಾತು, ಎದ್ದೇಳವ್ವ, ಕಾಪಿ ಕುಡಿಯವ್ವ. ಮತ್ತೆ ಮೇಲಿನಿಂದ ಓದಿದ. ಫೋನು ಕೆಳಗಿಟ್ಟು ಏನೋ ಹೇಳಿದ, ಅದನ್ನು ಫೋನು ಬರೆಯಿತು.

"ಇದ್ರಲ್ಲಿ ಅವ್ವ ಬದುಕವ್ಳಲ್ಲಕ್ಕಾ."

ಆಮೇಲೆ ಅವನ ಹೆಗಲು ಕುಣಿಯತೊಡಗಿತು. ಬಾಯಿ ಅಗಲವಾಗಿ ತೆರೆದುಕೊಂಡಿತು. ನಾನೂ ಅತ್ತೆ. ಎಷ್ಟು ಜೋರಾಗಿ ಅತ್ತೆನೋ ನನಗೆ ತಿಳಿಯದು. ನಡುವೆ ಇದ್ದ ಫೋನಿನಲ್ಲಿ ಆ ಒಂದು ಸಾಲಿನ ಕೆಳಗೆ ಬರೀ ಬಿಳುಪು, ಯಾರೂ ಇಲ್ಲದ ಮನೆಯಲ್ಲಿ ಇಟ್ಟ ಹಾಗೆ. ತಲೆಯೆತ್ತಿದರೆ ಬಾಗಿಲ ತುಂಬ ನೆರೆಹೊರೆಯವರು, ಓಡಿ ಬಂದಿದ್ದರು. ಮುಂದಿದ್ದ ಮುದುಕಿಯೊಬ್ಬಳ ಬಾಯಿ ಆಡಿತು. ತುಟಿ ನೋಡಿಯೇ ತಿಳಿಯಿತು.

"ಇನ್ಯಾರವ್ವಾ ಓದ್ರು?"